ಕಪ್ಪೆಯ ಕಣ್ಣು ಒಂದೂ ಶಾರ್ಪ್ ಬರುತ್ತಿಲ್ಲ, ಲೆನ್ಸ್ ಹಾಳಾಗಿದೆಯಾ?

ಲಿಂಗಾಂಬುಧಿ_ಅಲೆಮಾರಿ:
ಸಾಕಾಗಿಹೋಗಿದೆ. ಬೆಳಬೆಳಗ್ಗೆ ಕೆರೆ ದಂಡೆಯ ಕೆಸರಲ್ಲಿ ಹೊಟ್ಟೆ ಊರಿ ಮಲಗುತ್ತೇನೆ. ಮೊದಲು ಕಪ್ಪೆಗಳು ನೀರಿನ ಮೇಲೆ ಪಟಪಟ ಚಿಮ್ಮಿ ಓಡುತ್ತವೆ. ಅಲ್ಲಾಡದೆ ಇದ್ದರೆ ಒಂದೊಂದೇ ವಾಪಸ್ ಬರುತ್ತವೆ. ಅಷ್ಟು ಕಾದು ತೆಗೆದರೂ ಕಣ್ಣು ಮಂಕು. ಫ್ಲ್ಯಾಶ್ ಇಲ್ಲ, ಬರೀ ಬಿಸಿಲು. ಸೆಟ್ಟಿಂಗ್ ಎಲ್ಲ ಸರಿಯಾಗಿದೆ.

ಗುಳುಮುಳುಕ:
ಯಾವ ಕ್ಯಾಮೆರಾ ಬಾಡಿ, ಯಾವ ಲೆನ್ಸ್, ಷಟರ್ ವೇಗ ಎಷ್ಟು? "ಎಲ್ಲ ಸರಿ" ಅಂದರೆ ನಮಗೇನು ತಿಳಿಯಬೇಕು?

ಲಿಂಗಾಂಬುಧಿ_ಅಲೆಮಾರಿ:
ನಿಕಾನ್ ಡಿ7500, 200-500 ಎಂಎಂ ಲೆನ್ಸ್. ಎಲ್ಲರ ಹತ್ತಿರ ಇರುವುದೇ ಅಲ್ವಾ.

ಹಳೇ_ಕನ್ನಡಿ:
ಬ್ಯಾಕ್ ಫೋಕಸ್, ಅಂದರೆ ಫೋಕಸ್ ಕಣ್ಣಿನ ಹಿಂದೆ ಬೀಳುತ್ತಿದೆ. ಅನುಮಾನವೇ ಬೇಡ. ಮೆನುವಿನಲ್ಲಿ ಫೋಕಸ್ ಹಿಂದೆ ಮುಂದೆ ಸರಿಸುವ ಎಎಫ್ ಫೈನ್ ಟ್ಯೂನ್ ಇದೆ, ಅದನ್ನು ಮಾಡಿ.

ಗುಳುಮುಳುಕ:
500 ಎಂಎಂ, ಎಫ್ 5.6, 5 ಮೀಟರ್ ದೂರ ಅಂದರೆ ಫೋಕಸ್ ಸಿಗುವ ಆಳ ಹೆಚ್ಚುಕಡಿಮೆ 2 ಸೆಂ.ಮೀ. 3 ಮೀಟರಿಗೆ ಬಂದರೆ 1 ಸೆಂ.ಮೀ. ಕೂಡ ಇಲ್ಲ. ಮೂತಿಗೆ ಸಿಕ್ಕಿದ್ದು ಕಣ್ಣಿಗೆ ಸಿಗುವುದಿಲ್ಲ. ಎಫ್ 8 ಇಡಿ, ಲೆನ್ಸಿನ ರಂಧ್ರ ಕಿರಿದಾಗಿ ಆಳ ಹೆಚ್ಚುತ್ತದೆ; ಫೋಕಸ್ ಪಾಯಿಂಟ್ ಒಂದೇ ಇರಲಿ. ಷಟರ್ ಇನ್ನೂ ಹೇಳಿಲ್ಲ ನೀವು.

ಹಳೇ_ಕನ್ನಡಿ:
ಮೊದಲು ಫೈನ್ ಟ್ಯೂನ್. ಆಮೇಲೆ ಉಳಿದದ್ದು.

ಸಾಸಿವೆ_ಚೀಲ:
ಕೈ ನಡುಗುತ್ತಿರಬಹುದು. ಲೆನ್ಸ್ ಊರಲು ಇಡುವ ನನ್ನ ಬೀನ್‌ಬ್ಯಾಗಿಗೆ ಸಾಸಿವೆ ತುಂಬಿಸಿದ್ದೇನೆ. ಎಷ್ಟು ಗಟ್ಟಿ ಕೂರುತ್ತದೆ ಗೊತ್ತಾ! ಹೊಲಿಸಿದ್ದು ನಮ್ಮ ಬೀದಿಯ ಕುಶನ್ ಅಂಗಡಿಯಲ್ಲೇ. ಫೋಟೋ ಹಾಕಲಾ?

ಕೆರೆಯಂಚು:
ಕೆಸರಲ್ಲಿ ನೆನೆದರೆ ಮೊಳಕೆ ಬರುತ್ತದೆ ಸ್ವಾಮಿ. ಥರ್ಮಾಕೋಲ್ ಗುಂಡು ತುಂಬಿ.

ಸಾಸಿವೆ_ಚೀಲ:
2.3 ಕೆಜಿ ಲೆನ್ಸ್ ಇಟ್ಟರೆ ನಿಮ್ಮ ಥರ್ಮಾಕೋಲ್ ಚಪ್ಪಟೆ!

ಲಿಂಗಾಂಬುಧಿ_ಅಲೆಮಾರಿ:
ನನ್ನದು ಬೀನ್‌ಬ್ಯಾಗೇ. ಷಟರ್ 1/160 ಸೆಕೆಂಡ್. ಬೆಳಕು ಕಮ್ಮಿ ಇರುತ್ತದೆ, ಮೇಲೆ ಪೋಲರೈಸರ್ ಫಿಲ್ಟರ್ ಬೇರೆ. ನೀರಿನ ಹೊಳಪು ಹೋಗಲಿ ಅಂತ ಅದನ್ನು ತೆಗೆಯುವುದೇ ಇಲ್ಲ.

ಗುಳುಮುಳುಕ:
ಇದನ್ನು ಈಗ ಹೇಳುತ್ತಿದ್ದೀರಲ್ಲ! ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ) ಬೆಳಕು ನುಂಗುತ್ತದೆ. ತೆಗೆದರೆ ಅದೇ ಐಎಸ್ಒದಲ್ಲಿ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1/500ರ ಹತ್ತಿರ ಹೋಗಬಹುದು. ಪೋಲರೈಸರ್ ನೀರಿನ ಹೊಳಪನ್ನು ಚೆನ್ನಾಗಿ ಕತ್ತರಿಸುವುದು ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಮೇಲಿನಿಂದ ನೋಡಿದಾಗ. ಮಲಗಿ ತೆಗೆಯುವವರಿಗೆ ಲಾಭ ತೀರಾ ಕಮ್ಮಿ. ಇನ್ನೊಂದು, ಕಪ್ಪೆ ಸುಮ್ನೆ ಕೂತಂತೆ ಕಂಡರೂ ಗಂಟಲು ಬಡಿಯುತ್ತಲೇ ಇರುತ್ತದೆ. ಅದು ಉಸಿರಾಡುವುದೇ ಹಾಗೆ. ಸಣ್ಣ ಅಲೆ ಬಂದರೂ ಇಡೀ ಮೈ ತೇಲಾಡುತ್ತದೆ. 1/160 ಸಾಲದು.

ಕೆರೆಯಂಚು:
ಒಪ್ಪಲ್ಲ. ಒದ್ದೆ ಚರ್ಮದ ಹೊಳಪು ತೆಗೆಯಲು ಪೋಲರೈಸರ್ ಬೇಕೇ ಬೇಕು.

ಗುಳುಮುಳುಕ:
ಹೊಳಪೆಲ್ಲ ತೆಗೆದರೆ ಪ್ಲಾಸ್ಟಿಕ್ ಕಪ್ಪೆ ಥರ ಕಾಣುತ್ತದೆ.

ಕೆರೆಯಂಚು:
ಅದು ನಿಮ್ಮ ರುಚಿ. ಬೇರೆ ಥ್ರೆಡ್ ಶುರು ಮಾಡುತ್ತೇನೆ, ಅಲ್ಲಿ ಬನ್ನಿ.

ಲಿಂಗಾಂಬುಧಿ_ಅಲೆಮಾರಿ:
ಫಿಲ್ಟರ್ ಕಚ್ಚಿಕೊಂಡಿದೆ. ತಿರುಗಿಸಿದರೆ ಮುಂದಿನ ರಿಂಗ್ ಮಾತ್ರ ಸುತ್ತುತ್ತದೆ.

ಸಾಸಿವೆ_ಚೀಲ:
ಹಿಂದಿನ ತೆಳು ರಿಂಗಿಗೆ ಅಗಲ ರಬ್ಬರ್ ಬ್ಯಾಂಡ್ ಸುತ್ತಿ, ಬೆರಳುಗಳನ್ನು ಸುತ್ತಲೂ ಇಟ್ಟು ತಿರುಗಿಸಿ. ಎರಡು ಕಡೆಯಿಂದ ಒತ್ತಬೇಡಿ, ರಿಂಗ್ ಸೊಟ್ಟಗಾಗಿ ಇನ್ನೂ ಬಿಗಿಯುತ್ತದೆ.

ಹಳೇ_ಕನ್ನಡಿ:
ಅದೆಲ್ಲ ಇರಲಿ. ಫೈನ್ ಟ್ಯೂನ್ ಮಾಡಿದಿರಾ?