ಗ್ರೂಪಿನಲ್ಲಿ ಡೋಸ್ ಯಾಕೆ ಹೇಳುವುದಿಲ್ಲ?

ಪ್ರಶ್ನೆ (ಬಾಳುಪೇಟೆಯ ಸದಸ್ಯೆ): ಮೇಡಂ, ಮೊನ್ನೆ ರಾತ್ರಿ ನನ್ನ ಮೂರು ವರ್ಷದ ಮಗಳಿಗೆ ಜ್ವರ. ಮನೆಯಲ್ಲಿ ಪ್ಯಾರಸಿಟಮಾಲ್ ಇತ್ತು. ಎಷ್ಟು ಎಂಎಲ್ ಕೊಡಲಿ ಅಂತ ಈ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ನೀವು ಡೋಸ್ ಹೇಳದೆ ಫೋನ್ ಮಾಡಿ ಅಂದಿರಿ. ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು? ಬೇಜಾರಾಯಿತು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ (ಮಕ್ಕಳ ವೈದ್ಯೆ, ಹಾಸನ): ಬೇಜಾರು ಆಗಿಯೇ ಆಗುತ್ತದೆ, ಮಗು ಸುಡುತ್ತಿರುವಾಗ ಯಾರಿಗೆ ತಾಳ್ಮೆ ಇರುತ್ತೆ ಹೇಳಿ. ಆದರೆ ನಿಮ್ಮ ಮನೆಯ ಬಾಟಲಿ ಯಾವುದು ಅಂತ ನನಗೆ ಗೊತ್ತಿರಲಿಲ್ಲ. ಪ್ಯಾರಸಿಟಮಾಲ್ ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಪುಟ್ಟ ಮಕ್ಕಳ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೇ 100 ಇರುತ್ತದೆ. ನಾನು ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು 5 ಎಂಎಲ್ ಅಂತ ಬರೆದು, ನೀವು ಡ್ರಾಪ್ಸ್ ಬಾಟಲಿಯಿಂದ ಅಷ್ಟೇ ಅಳೆದು ಕೊಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು 500, ಅಂದರೆ ನಾಲ್ಕು ಪಟ್ಟು. ರಾತ್ರಿಯಿಡೀ ಹಾಗೇ ಕೊಡುತ್ತಾ ಹೋದರೆ ಲಿವರ್‌ಗೆ ಪೆಟ್ಟು. ಡೋಸ್ ಲೆಕ್ಕ ಹಾಕುವುದು ತೂಕದ ಮೇಲೆ, ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಮೂರು ವರ್ಷದ ಮಕ್ಕಳೆಲ್ಲ ಒಂದೇ ತೂಕ ಇರಲ್ಲ, ಅಲ್ವಾ?

ಇನ್ನೊಂದು ವಿಷಯ. ಉತ್ತರ ನಿಮಗೆ ಅಂತ ಬರೆದರೂ ಓದುವುದು ಇಡೀ ಗ್ರೂಪು. ಯಾರೋ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆರು ತಿಂಗಳ ಮಗುವಿಗೆ ಅದನ್ನೇ ಕೊಡುತ್ತಾರೆ, ಡಾಕ್ಟರೇ ಹೇಳಿದ್ದಾರೆ ಅಂತ ಧೈರ್ಯ ಬೇರೆ. ನನಗೆ ನಿಜವಾಗಿ ಭಯ ಇರುವುದು ಅಲ್ಲಿ.

ಪ್ರಶ್ನೆ (ಮೂಡಿಗೆರೆಯ ಬೆಳೆಗಾರರು): ಮಳೆಗೆ ಮರ ಬಿದ್ದು ರಸ್ತೆ ಬಂದ್ ಆದರೆ ನಾವೇನು ಮಾಡೋದು ಮೇಡಂ? ತೋಟದ ಕೆಲಸದವರೊಬ್ಬರಿಗೆ ಎರಡು ದಿನದಿಂದ ಜ್ವರ, ಮೈಕೈ ನೋವು. ಬೇರೆ ಗ್ರೂಪಿನಲ್ಲಿ ಒಬ್ಬ ಡಾಕ್ಟರ್ ಯಾರದೋ ಸೊಂಟನೋವಿಗೆ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ಹೇಳಿದ್ದರು. ಅದನ್ನೇ ಕೊಡಲಾ?

ಉತ್ತರ: ದಯವಿಟ್ಟು ಕೊಡಬೇಡಿ. ಸೊಂಟನೋವಿಗೆ ಆ ಡಾಕ್ಟರ್ ಹೇಳಿದ್ದು ಸರಿಯೇ ಇರಬಹುದು, ನಿಮ್ಮ ಆಳಿನ ಜ್ವರಕ್ಕಲ್ಲ. ಮಳೆಗಾಲದ ಜ್ವರ ಡೆಂಗ್ಯೂ ಆಗಿದ್ದರೆ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ರಕ್ತಸ್ರಾವ ಹೆಚ್ಚಿಸಬಹುದು. ಇಲಿಜ್ವರ ಆಗಿದ್ದರೆ ಮೊದಲೇ ಸೋತಿರುವ ಕಿಡ್ನಿಗೆ ಇನ್ನೂ ಕಷ್ಟ. ಚಳಿಗಾಲದಿಂದ ಬೇಸಿಗೆಯವರೆಗೆ ಆದರೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನೂ ನಿಮ್ಮ ಕಡೆ ಯೋಚಿಸಲೇಬೇಕು. ಶುರುವಿನಲ್ಲಿ ಎಲ್ಲದರಲ್ಲೂ ಜ್ವರ, ಮೈಕೈ ನೋವೇ. ರಕ್ತ ಪರೀಕ್ಷೆ ಇಲ್ಲದೆ ಯಾವುದು ಅಂತ ನನಗೂ ಗೊತ್ತಾಗುವುದಿಲ್ಲ. ಜ್ವರ ಬಿಟ್ಟಿತು ಅಂತ ಕೆಲಸಕ್ಕೂ ಕಳಿಸಬೇಡಿ, ಡೆಂಗ್ಯೂನಲ್ಲಿ ಅಪಾಯದ ದಿನಗಳು ಬರುವುದೇ ಆಗ.

ಫೋನಿನಲ್ಲಿ ನೋಡುವುದೇ ತಪ್ಪು ಅಂತಲ್ಲ. 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ನಿಯಮ ಬಂದಿದೆ, ವಾಟ್ಸಾಪಿನಲ್ಲೂ ನೋಡಬಹುದು. ಆದರೆ ರೋಗಿ ಯಾರು, ವಯಸ್ಸೆಷ್ಟು ಅಂತ ಡಾಕ್ಟರಿಗೆ ಗೊತ್ತಿರಬೇಕು, ದಾಖಲೆ ಇಡಬೇಕು, ಔಷಧಿ ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು. ಮಗುವಾದರೆ ಜೊತೆಗೆ ದೊಡ್ಡವರು ಇರಲೇಬೇಕು. ಗ್ರೂಪಿನಲ್ಲಿ ಇದ್ಯಾವುದೂ ಆಗಲ್ಲ. ಸರ್ಕಾರದ ಇ-ಸಂಜೀವನಿ ಆನ್‌ಲೈನ್ ಸೇವೆಯಲ್ಲಿ ದುಡ್ಡಿಲ್ಲದೆ ಡಾಕ್ಟರ್ ಸಿಗುತ್ತಾರೆ, ನೆಟ್‌ವರ್ಕ್ ಇದ್ದಾಗ ಅದನ್ನು ಬಳಸಿ.

ಕಷ್ಟಪಟ್ಟು ಉಸಿರು ಎಳೆದುಕೊಳ್ಳುವುದು, ಫಿಟ್ಸ್, ಎಬ್ಬಿಸಿದರೂ ಏಳದಷ್ಟು ಮಂಪರು, ಕುಡಿದದ್ದೆಲ್ಲ ವಾಂತಿ, ಹೊಟ್ಟೆನೋವು, ಎಲ್ಲಿಂದಾದರೂ ರಕ್ತ, ಇವು ಕಂಡರೆ ಮೆಸೇಜ್ ಬೇಡ, 108ಕ್ಕೆ ಕರೆ ಮಾಡಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ನೇರ ಆಸ್ಪತ್ರೆಗೇ. ಉಳಿದಂತೆ ನನಗೆ ಫೋನ್ ಮಾಡುವಾಗ ಮಗುವಿನ ತೂಕ, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ, ಬಾಟಲಿಯ ಲೇಬಲ್‌ನಲ್ಲಿ ಏನಿದೆ, ಈ ಮೂರು ಕೈಯಲ್ಲಿರಲಿ. ಡೋಸ್ ಆಗಲೇ ಹೇಳುತ್ತೇನೆ.