‘ಉರಿಯೂತ’ಕ್ಕೆ ಬೇರೆ ಮಾತು ಬೇಕು, ಇಂದು ಸಂಜೆಯೊಳಗೆ

ಗುಬ್ಬಿಯ ಸಕ್ಕರೆ ಕಾಯಿಲೆ ತಪಾಸಣಾ ಶಿಬಿರಕ್ಕೆ ಭಿತ್ತಿಪತ್ರ ಬರೆಯುತ್ತಿದ್ದೇನೆ. ಐದು ಗಂಟೆಗೆ ಮುದ್ರಣಕ್ಕೆ ಹೋಗಬೇಕು. ನಾನು ತಡವರಿಸುತ್ತಿರುವ ವಾಕ್ಯ ಫೆರಿಟಿನ್ ಬಗ್ಗೆ, ಅಂದರೆ ಮೈಯಲ್ಲಿ ಕಬ್ಬಿಣವನ್ನು ಕೂಡಿಡುವ ಪ್ರೋಟೀನಿನ ಬಗ್ಗೆ: ‘ರಕ್ತದಲ್ಲಿ ಫೆರಿಟಿನ್ ಏರಿದ ಮಾತ್ರಕ್ಕೆ ಮೈಯಲ್ಲಿ ಕಬ್ಬಿಣಾಂಶ ಹೆಚ್ಚಿದೆ ಎಂದಲ್ಲ, ಉರಿಯೂತವಿದ್ದರೂ ಅದು ಏರುತ್ತದೆ. ಆ ಉರಿಯೂತ ಹೃದಯಕ್ಕೂ ಅಪಾಯ.’ ಇದು ತಿಳಿಯದೆ, ರಕ್ತಹೀನತೆ ಇರುವಾಗಲೇ ಕಬ್ಬಿಣದ ಮಾತ್ರೆಯನ್ನು ತಾವಾಗಿ ನಿಲ್ಲಿಸಿದವರನ್ನು ಕಂಡಿದ್ದೇನೆ. ಕರಡನ್ನು ಓದಿ ಹೇಳಿದಾಗ ಒಬ್ಬ ಅಜ್ಜಿ ಚಪ್ಪಲಿ ಕಳಚಿ ಅಂಗಾಲು ತೋರಿಸಿದರು: ‘ಉರಿ ಇಲ್ಲಿದೆ, ಊತ ಇಲ್ಲ.’ ಅವರದು ನರ ಸೋತು ಬಂದ ಉರಿ. ನಾನು ಹೇಳಬೇಕಾದದ್ದು ನೋವೂ ಇಲ್ಲದೆ ರಕ್ತನಾಳದ ಗೋಡೆಯಲ್ಲಿ ವರ್ಷಗಟ್ಟಲೆ ನಡೆಯುವ ಸಂಗತಿ. ಪದವಿದೆಯೇ?
— ತುಮಕೂರು

ಮೊದಲು ‘ಕಬ್ಬಿಣಾಂಶ’ ತೆಗೆಯಿರಿ. ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ‘ಕಬ್ಬಿಣ’ ಸಾಕು. ಹಳಗನ್ನಡದ ‘ಕರ್ಬುನ’ ಅದು, ಕರಿಯ ಪೊನ್ನು. ಪೊನ್ನು ಎಂದರೆ ಚಿನ್ನವಷ್ಟೇ ಅಲ್ಲ, ಲೋಹವೂ ಹೌದು. ನಮ್ಮ ಜಿಲ್ಲೆಯ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಕಬ್ಬಿಣದೊಳಗಿನ ಪೊನ್ನನ್ನು ಯಾರೂ ಮುಚ್ಚಲಾರರು. ‘ಲೋಹಾಂಶ’ ಎಂದು ಯಾರೂ ಸೂಚಿಸಬೇಡಿ, ತಾಮ್ರವೂ ಲೋಹವೇ. ‘ಉರಿಯೂತ’ ಅಚ್ಚಗನ್ನಡ. ಅದನ್ನು ಬಿಟ್ಟು ಅದೇ ಅರ್ಥದ ಸಂಸ್ಕೃತ ಪದ ‘ಶೋಥ’ಕ್ಕೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಜನಕ್ಕೆ ಕಲಿಸಿ.
— ಕೋಲಾರ

ಕೇಳಿದ್ದಕ್ಕೆ ಇದು ಉತ್ತರವಲ್ಲ. ಫೆರಿಟಿನ್ ಎಂಬ ಹೆಸರು ಲ್ಯಾಟಿನ್ನಿನ ಕಬ್ಬಿಣದಿಂದ ಬಂದದ್ದು. ಪರೀಕ್ಷೆಯ ಚೀಟಿಯಲ್ಲಿ ಅದೇ ಇರುವುದರಿಂದ ನಾವೆಲ್ಲ ಒಪ್ಪಿದೆವು. ‘ಸಕ್ಕರೆ’ ಸಂಸ್ಕೃತದ ಶರ್ಕರೆ, ಅದನ್ನೂ ಹೊರಗಟ್ಟುವಿರಾ? ಎರವಲು ತಪ್ಪಲ್ಲ, ತಿಳಿಯದಂತೆ ಬರೆಯುವುದು ತಪ್ಪು. ನನ್ನ ಸೂಚನೆ ‘ಒಳಗಾವು’: ಒಳಗಿನ ಕಾವು, ಬೂದಿ ಮುಚ್ಚಿದ ಕೆಂಡದಂಥದ್ದು.
— ಚಿಕ್ಕಬಳ್ಳಾಪುರ

ಸಕ್ಕರೆ ತದ್ಭವ, ಮನೆಯ ಮಗಳಾಗಿ ಶತಮಾನಗಳಾದವು. ಶೋಥ ಹಾಗಲ್ಲ. ‘ಒಳಗಾವು’ ಸಂಧಿಯಲ್ಲಿ ಸರಿ, ಬಳಕೆಯಲ್ಲಿ ಕೆಡುಕು: ಮೈಗೆ ಉಷ್ಣವಾಗಿದೆ ಎಂದುಕೊಂಡು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ.
— ಕೋಲಾರ

ಮಜ್ಜಿಗೆಯ ಮಾತು ನಿಜ. ನಮ್ಮಲ್ಲೂ ಹಾಗೆಯೇ ಆಗುತ್ತದೆ. ‘ಕಬ್ಬಿಣ’ ಎಂದಷ್ಟೇ ಇಟ್ಟೆ. ‘ಹೊರಗೆ ಕಾಣದ ಉರಿಯೂತ’ ಎಂದು ಬರೆದು, ಅದರ ಕೆಳಗೇ ದಪ್ಪ ಅಕ್ಷರದಲ್ಲಿ ‘ಅಂಗಾಲಿನ ಉರಿ ಬೇರೆ, ಇದು ಬೇರೆ. ಎರಡನ್ನೂ ವೈದ್ಯರಿಗೆ ಹೇಳಿ’ ಎಂದು ಸೇರಿಸಿದ್ದೇನೆ. ಮುದ್ರಣಾಲಯಕ್ಕೆ ಹೊರಟೆ.
— ತುಮಕೂರು