'ಲಾಬಿ' ಬಿಟ್ಟರೆ ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ಮೂರು ದಿನದಿಂದ ಒಂದು ಪದಕ್ಕೆ ತಡಕಾಡುತ್ತಿದ್ದೇನೆ. ಅಮೆರಿಕದ ತೆರಿಗೆ ಕಾನೂನಿನ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಹೆಜ್ಜೆಗೊಮ್ಮೆ ಸಾಫ್ಟ್‌ವೇರ್ ಕಂಪನಿಗಳ 'ಲಾಬಿಯಿಂಗ್' ಬರುತ್ತದೆ, ಅಂದರೆ ಕಾನೂನು ಮಾಡುವವರ ಬಳಿ ಹೋಗಿ ತಮಗೆ ಬೇಕಾದ್ದನ್ನು ಕೇಳುವ ಕೆಲಸ. ಸುಮ್ನೆ 'ಲಾಬಿ' ಎಂದು ಬರೆದು ಮುಗಿಸಿದ್ದೆ. ತಿರುಗಿ ಓದಿದರೆ ಎಲ್ಲರೂ ಕಳ್ಳರ ಹಾಗೆ ಕಾಣುತ್ತಿದ್ದಾರೆ!

ಸಂದರ್ಭ ಇದು. 2017ರಲ್ಲಿ ಅಲ್ಲಿ ಬಂದ ತೆರಿಗೆ ಕಾನೂನಿನ ಒಂದು ನಿಯಮ 2022ರಿಂದ ಜಾರಿಯಾಯಿತು. ಸಾಫ್ಟ್‌ವೇರ್ ಬರೆಯುವ ಖರ್ಚನ್ನು ಆ ವರ್ಷದ ಆದಾಯದಿಂದಲೇ ಪೂರ್ತಿ ಕಳೆಯುವ ಹಾಗಿರಲಿಲ್ಲ. ದೇಶದೊಳಗೆ ಮಾಡಿದ ಕೆಲಸವಾದರೆ 5 ವರ್ಷಕ್ಕೆ, ಹೊರದೇಶದಲ್ಲಿ ಮಾಡಿಸಿದ್ದಾದರೆ 15 ವರ್ಷಕ್ಕೆ ಹಂಚಬೇಕಿತ್ತು. 100 ಬಂದು 90 ಪ್ರೋಗ್ರಾಮರ್‌ಗಳ ಸಂಬಳಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ಮೊದಲು 10ಕ್ಕೆ ಮಾತ್ರ ತೆರಿಗೆ. ಹೊಸ ಲೆಕ್ಕದಲ್ಲಿ, ದೇಶದೊಳಗಿನ ಕೆಲಸವೇ ಆದರೂ, 90ರ ಐದನೇ ಒಂದು ಭಾಗ 18, ಮೊದಲ ವರ್ಷಕ್ಕೆ ಅದರಲ್ಲೂ ಅರ್ಧವೇ ಲೆಕ್ಕ, ಹಾಗಾಗಿ ಕಳೆಯಲು ಸಿಗುವುದು ಬರೀ 9. ಕೈಯಲ್ಲಿ 10 ಇದ್ದವರು 91ಕ್ಕೆ ತೆರಿಗೆ ಕಟ್ಟಬೇಕು. ದೊಡ್ಡ ಕಂಪನಿಗಳ ಜೊತೆ ಸಣ್ಣವರೂ ಸಂಸತ್ತಿನ ಬಾಗಿಲು ಬಡಿದರು. 2025ರ ಜುಲೈನಲ್ಲಿ ದೇಶದೊಳಗಿನ ಖರ್ಚಿಗೆ ಹಳೆಯ ಪದ್ಧತಿ ವಾಪಸ್ ಬಂತು. 15 ವರ್ಷದ ನಿಯಮ ಹಾಗೇ ಉಳಿಯಿತು.

ಈ 'ಬಾಗಿಲು ಬಡಿಯುವ' ಕೆಲಸಕ್ಕೆ ಏನನ್ನೋಣ?

ಕನ್ನಡದಲ್ಲಿ ಲಾಬಿ ಅಂದರೆ ಸಚಿವ ಸ್ಥಾನಕ್ಕೆ ಲಾಬಿ, ಟಿಕೆಟ್‌ಗೆ ಲಾಬಿ. ಇಲ್ಲವೇ ಮರಳು ಲಾಬಿ, ಗಣಿ ಲಾಬಿ. ಅಲ್ಲಿ ಅದು ಕೆಲಸದ ಹೆಸರಲ್ಲ, ಗುಂಪಿನ ಹೆಸರು, ಹೆಚ್ಚುಕಡಿಮೆ ಮಾಫಿಯಾ. ಅಮೆರಿಕದಲ್ಲಿ ಇದಕ್ಕೆ 1995ರ ಕಾನೂನೇ ಇದೆ. ಸಂಬಳಕ್ಕೆ ಈ ಕೆಲಸ ಮಾಡುವವರು ಹೆಸರು ನೋಂದಾಯಿಸಬೇಕು. ಯಾವ ವಿಷಯಕ್ಕೆ ಓಡಾಡಿದೆವು, ಎಷ್ಟು ದುಡ್ಡಾಯಿತು ಎಂದು ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು, ಕದ್ದುಮುಚ್ಚಿ ಮಾಡುವುದಂತೂ ಅಲ್ಲ.

ತಮಾಷೆ ಅಂದರೆ ನಮ್ಮಲ್ಲಿ ಇದೇ ಕೆಲಸಕ್ಕೆ ಮರ್ಯಾದೆಯ ಪದಗಳಿವೆ. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ಆದಾಯ ತೆರಿಗೆ ಕಾನೂನಿನ 10ಎ ಸೆಕ್ಷನ್ ಕೆಳಗೆ ಸಿಗುತ್ತಿದ್ದ ವಿನಾಯಿತಿ 2009ಕ್ಕೆ ಮುಗಿಯಬೇಕಿತ್ತು. ಅದು 2010 ಆಯಿತು, ಆಮೇಲೆ 2011 ಆಯಿತು. ಹೀಗೆ ಗಡುವು ಮುಂದೆ ಹಾಕಿ ಎಂದು ಸಾಫ್ಟ್‌ವೇರ್ ಕಂಪನಿಗಳ ಸಂಘವಾದ ನಾಸ್ಕಾಂ ಕೇಳಿದರೆ ಅದು 'ಉದ್ಯಮದ ಮನವಿ', 'ಬೇಡಿಕೆ'. ಶಾಸಕ ಕೇಳಿದರೆ ಲಾಬಿ, ಉದ್ಯಮ ಕೇಳಿದರೆ ಮನವಿ!

ನಾನು ಹಾಕಿ ನೋಡಿದ ಪದಗಳಲ್ಲಿ 'ವಶೀಲಿ' ಮೊದಲೇ ಬಿದ್ದುಹೋಯಿತು. ಅದು ಒಬ್ಬರ ಕೆಲಸಕ್ಕೆ, ಪರಿಚಯದ ಬಲದ ಮೇಲೆ. 'ಒತ್ತಡ ಹೇರು' ಅಂದರೆ ಧರಣಿ ಕೂತ ಹಾಗಿದೆ. 'ಮನವೊಲಿಕೆ' ಚೆನ್ನಾಗಿದೆ, ಆದರೆ ಮುನಿಸಿಕೊಂಡವರನ್ನು ಸಮಾಧಾನ ಮಾಡುವುದಕ್ಕೇ ಅದು ಜಾಸ್ತಿ ಬಳಕೆ. 'ದುಂಬಾಲು ಬೀಳು' ಮಾತಿಗೆ ಸೊಗಸು, ಕಾನೂನಿನ ಲೇಖನಕ್ಕೆ ಆಗದು.

ಕೊನೆಗೆ 'ವಕಾಲತ್ತು' ಹೊಳೆಯಿತು. ಇನ್ನೊಬ್ಬರ ಪರ ಮಾತಾಡುವುದು, ಅದಕ್ಕೆ ಫೀಸು ತೆಗೆದುಕೊಳ್ಳುವುದು ಎರಡೂ ಅದರಲ್ಲಿವೆ. 'ಅವನ ಪರ ನೀನ್ಯಾಕೆ ವಕಾಲತ್ತು ವಹಿಸ್ತೀಯಾ' ಎಂದು ಮನೆಯಲ್ಲೂ ಬೈಯುತ್ತೇವೆ, ಅಲ್ವಾ? ಆದರೆ ಕಂಪನಿಯವರೇ ತಮ್ಮ ಪರ ಹೋಗಿ ಕೇಳಿಕೊಂಡರೆ ಈ ಪದ ಕೂರುವುದಿಲ್ಲ.

ಕೆಲಸ ಮಾಡುವವರ ಹೆಸರೂ ಒಂದು ತೊಡಕು. 'ಲಾಬಿಕೋರ' ಅಂದರೆ ಲಂಚಕೋರನ ತಮ್ಮ. 'ಲಾಬಿಗಾರ' ಪರವಾಗಿಲ್ಲ, ಕುಶಲಕರ್ಮಿಯಂತೆ ಕೇಳಿಸುತ್ತದೆ.

ಅಂದಹಾಗೆ, ಅಲ್ಲಿನ ಸಂಸತ್ತನ್ನು ಮೂಲದಲ್ಲಿದ್ದಂತೆ 'ಕಾಂಗ್ರೆಸ್' ಎಂದು ಬರೆದಿದ್ದೆ. ಮೊದಲು ಓದಿದ ಗೆಳೆಯರು 'ಅವರು ಯಾವಾಗ ಅಮೆರಿಕಕ್ಕೆ ಹೋದರು?' ಎಂದು ಕೇಳಿದರು. ಅದನ್ನು ತೆಗೆದೆ.

ಈಗ ನಿಮಗೆ ನನ್ನ ಪ್ರಶ್ನೆ. 'ನಿಯಮ ಬದಲಿಸಲು ಸಾಫ್ಟ್‌ವೇರ್ ಕಂಪನಿಗಳ ಪರ ಸಂಸತ್ತಿನಲ್ಲಿ ವಕಾಲತ್ತು ನಡೆಯಿತು' ಎಂದು ಓದಿದರೆ ನಿಮಗೆ ಕೋರ್ಟು ನೆನಪಾಗುತ್ತದಾ? ಆಗುವುದಾದರೆ ಬೇರೆ ಯಾವ ಪದ ಹಾಕುತ್ತೀರಿ?